ವಕಾಲತ್ತಿಗೆ ಸಹಿ ಹಾಕುವವರು ಯಾರು? ಆಶ್ರಯಧಾಮದ ಮಕ್ಕಳು ಮತ್ತು ಅವರ ಪರ ನಿಂತ ವಕೀಲರು



ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವರಿಗೆ ಎರಡೂ ಭಾಷೆಗಳು ಹಂಚಿಕೊಂಡಿರುವ ಪದಗಳ ಮೇಲೆ ವಿಶೇಷ ಅಕ್ಕರೆ ಇರುತ್ತದೆ. ಗುಂಡ್ಲುಪೇಟೆಯಲ್ಲಾಗಲಿ ಚಾಮರಾಜನಗರದಲ್ಲಾಗಲಿ ನ್ಯಾಯಾಲಯದ ಆವರಣದಲ್ಲಿ ಹತ್ತು ನಿಮಿಷ ನಿಂತರೆ ಇಂಥ ಪದಗಳು ಕಿವಿಗೆ ಬೀಳುತ್ತಲೇ ಇರುತ್ತವೆ: ವಕೀಲ, ವಕಾಲತ್ತು, ಜಾಮೀನು, ಫಿರ್ಯಾದಿ, ದಾವೆ, ರಾಜಿ. ಅರಬ್ಬಿಯಲ್ಲಿ 'ವಕೀಲ' ಎಂದರೆ ಇನ್ನೊಬ್ಬರು ತಮ್ಮ ಕೆಲಸವನ್ನು ನಂಬಿ ಒಪ್ಪಿಸಿದ ವ್ಯಕ್ತಿ. ಹಾಗೆ ಒಪ್ಪಿಸಿದ್ದಕ್ಕೆ ಬರೆದುಕೊಡುವ ಪತ್ರವೇ ವಕಾಲತ್ತು. ಕಕ್ಷಿದಾರ ಅದಕ್ಕೆ ಸಹಿ ಹಾಕಿದ ಮೇಲೆಯೇ ವಕೀಲರು ಅವನ ಪರವಾಗಿ ನ್ಯಾಯಾಧೀಶರ ಮುಂದೆ ಬಾಯಿ ತೆರೆಯುವುದು.

ಈಗ ಒಂದು ಪ್ರಶ್ನೆ ಕೇಳುತ್ತೇನೆ, ಯೋಚಿಸಿ. ಹತ್ತು ವರ್ಷದ ಒಂದು ಮಗು ವಕಾಲತ್ತಿಗೆ ಸಹಿ ಹಾಕುವಂತಿಲ್ಲ. ಅದರ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ಸಹಿ ಹಾಕಬೇಕು. ತಂದೆ ತಾಯಿ ಇಲ್ಲದ, ಇದ್ದರೂ ದೂರದಲ್ಲಿರುವ ಮಗು ಒಂದು ಆಶ್ರಯಧಾಮದಲ್ಲಿ ಬೆಳೆಯುತ್ತಿದೆ ಎಂದಿಟ್ಟುಕೊಳ್ಳಿ. ಆ ಧಾಮದ ವ್ಯವಸ್ಥಾಪಕರೇ ಅದರ ಪೋಷಕರು. ಆ ಮಗುವಿಗೆ ಅನ್ಯಾಯ ಮಾಡಿದವರು ಅದೇ ವ್ಯವಸ್ಥಾಪಕರಾದರೆ? ಆಗ ವಕಾಲತ್ತಿಗೆ ಸಹಿ ಹಾಕುವವರು ಯಾರು?

ನಮ್ಮ ದೇಶದ ನ್ಯಾಯಾಲಯಗಳು ಈ ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಲು ಮೂವತ್ತಕ್ಕೂ ಹೆಚ್ಚು ವರ್ಷ ತೆಗೆದುಕೊಂಡವು. ಆ ಉತ್ತರವನ್ನು ದೊರಕಿಸಿಕೊಟ್ಟವರು ಕೆಲವು ವಕೀಲರು, ಕೆಲವು ಪತ್ರಕರ್ತರು, ಮತ್ತು ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟು ಹೇಳಿದ ಮಕ್ಕಳು. ಹಾಸ್ಟೆಲು, ಯತೀಂಖಾನೆ, ವಸತಿ ಶಾಲೆಗಳನ್ನು ನಡೆಸುವ, ಅಲ್ಲಿ ಓದುವ ನಾವೆಲ್ಲರೂ ಈ ಇತಿಹಾಸವನ್ನು ತಿಳಿದಿರಬೇಕು ಎಂಬ ಕಾರಣಕ್ಕೆ ಈ ಲೇಖನ.

ಜೈಲಿನಿಂದ ಶುರುವಾದ ಕಥೆ

1980ರ ದಶಕದ ಆರಂಭದಲ್ಲಿ ಉತ್ತರ ಪ್ರದೇಶದ ಕಾನ್ಪುರ ಜೈಲಿನಲ್ಲಿ ದೊಡ್ಡವರ ಜೊತೆ ಇರಿಸಲಾಗಿದ್ದ ಬಾಲಕರ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತಿದೆ ಎಂಬ ವರದಿ ಪತ್ರಿಕೆಯಲ್ಲಿ ಬಂತು. ಅದು ಸುಪ್ರೀಂ ಕೋರ್ಟಿನ ಮುಂದೆ ಹೋಗಿ, 1982ರಲ್ಲಿ 'ಮುನ್ನಾ ವಿರುದ್ಧ ಉತ್ತರ ಪ್ರದೇಶ ಸರ್ಕಾರ' ಎಂಬ ಹೆಸರಿನಲ್ಲಿ ತೀರ್ಪಾಯಿತು. ಮಕ್ಕಳನ್ನು ಜೈಲಿನಲ್ಲಿ ಇಡಬಾರದು ಎಂಬ ಮಾತನ್ನು ನ್ಯಾಯಾಲಯ ಖಡಾಖಂಡಿತವಾಗಿ ಹೇಳಿತು.

ಆದರೂ ಮಕ್ಕಳು ಜೈಲುಗಳಲ್ಲಿ ಉಳಿದೇ ಇದ್ದರು. ಮುಂಬೈನ ಪತ್ರಕರ್ತೆ ಶೀಲಾ ಬರ್ಸೆ ದೇಶದ ನಾನಾ ಜೈಲುಗಳಲ್ಲಿ ಹದಿನಾರು ವರ್ಷದೊಳಗಿನ ಮಕ್ಕಳು ಇರುವುದರ ಬಗ್ಗೆ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. 1986ರಲ್ಲಿ ನ್ಯಾಯಾಲಯವು ಎಲ್ಲ ರಾಜ್ಯಗಳಿಂದ ಲೆಕ್ಕ ಕೇಳಿತು, ಜಿಲ್ಲಾ ನ್ಯಾಯಾಧೀಶರು ಜೈಲುಗಳಿಗೆ ಹೋಗಿ ನೋಡಬೇಕೆಂದಿತು. ಮಕ್ಕಳ ಕಾಯ್ದೆ ರಾಜ್ಯಕ್ಕೊಂದು ಇರುವ ಬದಲು ದೇಶಕ್ಕೆಲ್ಲ ಒಂದೇ ಇರಲಿ ಎಂದೂ ಹೇಳಿತು. ನಮ್ಮಲ್ಲಿ ಆಗ ಇದ್ದದ್ದು 1964ರ ಕರ್ನಾಟಕ ಮಕ್ಕಳ ಕಾಯ್ದೆ. ಅದೇ ವರ್ಷದ ಕೊನೆಗೆ ಸಂಸತ್ತು ಬಾಲ ನ್ಯಾಯ ಕಾಯ್ದೆಯನ್ನು ಅಂಗೀಕರಿಸಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಈ ಪ್ರಕರಣದಲ್ಲಿ ನ್ಯಾಯಾಲಯದ ಬಾಗಿಲು ತಟ್ಟಿದ್ದು ಮಗುವಲ್ಲ, ಪೋಷಕರಲ್ಲ, ಹೊರಗಿನ ಒಬ್ಬ ಪತ್ರಕರ್ತೆ. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂಬ ದಾರಿಯಿಂದ, ಯಾವ ನಂಟೂ ಇಲ್ಲದ ವ್ಯಕ್ತಿಯೂ ಧ್ವನಿಯಿಲ್ಲದವರ ಪರವಾಗಿ ಸಹಿ ಹಾಕಬಹುದು ಎಂದಾಯಿತು. ನಮ್ಮ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರ ಇದು.

ಮಡಗಾಂವ್ ಮತ್ತು ಮುಂಬೈ

ಜೈಲು ಸರ್ಕಾರದ್ದು, ಅಲ್ಲಿ ಅನ್ಯಾಯ ನಡೆದೀತು ಎಂದು ಜನ ಸುಲಭವಾಗಿ ನಂಬುತ್ತಾರೆ. ಧರ್ಮದ, ಸೇವೆಯ, ದಾನದ ಹೆಸರಿರುವ ಮನೆಯಲ್ಲಿ ಅಂಥದ್ದು ನಡೆಯುತ್ತದೆ ಎಂದರೆ ನಂಬುವುದು ಕಷ್ಟ.

ನಮ್ಮ ನೆರೆಯ ಗೋವಾದ ಮಡಗಾಂವ್‌ನಲ್ಲಿ ಫ್ರೆಡ್ಡಿ ಪೀಟ್ಸ್ ಎಂಬಾತ 'ಗುರುಕುಲ' ಎಂಬ ಹೆಸರಿನ ಅನಾಥಾಲಯ ನಡೆಸುತ್ತಿದ್ದ. ಊರಿನಲ್ಲಿ ಗೌರವವಿತ್ತು, ದಾನಿಗಳಿದ್ದರು. 1991ರಲ್ಲಿ ಅವನ ಬಂಧನವಾದಾಗ, ಬಾಲಕರನ್ನು ಅವನು ತಾನೂ ದುರುಪಯೋಗಪಡಿಸಿಕೊಂಡು ವಿದೇಶಿಯರಿಗೂ ಒಪ್ಪಿಸುತ್ತಿದ್ದ ಸಂಗತಿ ಬಯಲಾಯಿತು. 1996ರ ಮಾರ್ಚ್‌ನಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆಗ ಕಾನೂನು ಹೇಗಿತ್ತೆಂದರೆ, 1860ರ ದಂಡ ಸಂಹಿತೆಯ ಅತ್ಯಾಚಾರದ ಕಲಂ ಬಾಲಕರಿಗೆ ಅನ್ವಯಿಸುತ್ತಲೇ ಇರಲಿಲ್ಲ. 'ಅಸಹಜ ಅಪರಾಧ' ಎಂಬ 377ನೇ ಕಲಮಿನಂಥ ಹಳೆಯ ಕಲಮುಗಳನ್ನೇ ನೆಚ್ಚಿಕೊಂಡು ಮೊಕದ್ದಮೆ ನಡೆಸಬೇಕಿತ್ತು. ಗೋವಾ ರಾಜ್ಯವು 2003ರಲ್ಲಿ ತನ್ನದೇ ಮಕ್ಕಳ ಕಾಯ್ದೆಯನ್ನು ಮಾಡಿಕೊಂಡಿತು.

ಮುಂಬೈನಲ್ಲಿ 'ಆಂಕರೇಜ್' ಎಂಬ ಹೆಸರಿನ ಆಶ್ರಯಧಾಮಗಳಿದ್ದವು. ಬೀದಿಮಕ್ಕಳಿಗೆ ಊಟ, ಬಟ್ಟೆ, ಮನೆ ಕೊಡುತ್ತೇವೆಂದು ಬ್ರಿಟನ್ನಿನ ಡಂಕನ್ ಗ್ರಾಂಟ್ ಇವುಗಳನ್ನು ಸ್ಥಾಪಿಸಿದ್ದ. ಅವನ ಜೊತೆಗಾರ ಅಲನ್ ವಾಟರ್ಸ್. 2001ರಲ್ಲಿ ದೂರು ದಾಖಲಾಗುವ ವೇಳೆಗೆ ಇಬ್ಬರೂ ದೇಶದಲ್ಲಿರಲಿಲ್ಲ. ವಾಟರ್ಸ್‌ನನ್ನು ಅಮೆರಿಕದಿಂದ ಹಿಡಿದು ತರಬೇಕಾಯಿತು. ಮಕ್ಕಳ ಸಹಾಯವಾಣಿ ನಡೆಸುತ್ತಿದ್ದ ಚೈಲ್ಡ್‌ಲೈನ್ ಸಂಸ್ಥೆ ಮತ್ತು ಮುಂಬೈನ ವಕೀಲೆ ಮಹರುಖ್ ಆಡೆನ್‌ವಾಲಾ ಈ ಪ್ರಕರಣದ ಬೆನ್ನು ಬಿಡಲಿಲ್ಲ.

2006ರ ಮಾರ್ಚ್‌ನಲ್ಲಿ ಸೆಷನ್ಸ್ ನ್ಯಾಯಾಲಯ ಇಬ್ಬರಿಗೂ ತಲಾ ಆರು ವರ್ಷ ಶಿಕ್ಷೆ ವಿಧಿಸಿತು. 2008ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅವರನ್ನು ಖುಲಾಸೆ ಮಾಡಿತು. ಇಷ್ಟು ವರ್ಷ ಅಲೆದ ಮೇಲೆ ಎಷ್ಟೋ ಜನ 'ಹಣೆಬರಹ' ಎಂದು ಕೈಚೆಲ್ಲುತ್ತಿದ್ದರು. ಚೈಲ್ಡ್‌ಲೈನ್ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಮಾರ್ಚ್ 18ರಂದು ಸುಪ್ರೀಂ ಕೋರ್ಟ್ ಸೆಷನ್ಸ್ ನ್ಯಾಯಾಲಯದ ತೀರ್ಪನ್ನು ಮತ್ತೆ ಎತ್ತಿಹಿಡಿಯಿತು. ಆ ಧಾಮದಲ್ಲಿ ಬೆಳೆದ ಹುಡುಗರ ಸಾಕ್ಷ್ಯವನ್ನು ನಂಬಿತು. ಅನ್ನ ಕೊಡುವವನ ವಿರುದ್ಧ ಬೀದಿಯ ಮಗು ಕೂಡಲೇ ದೂರು ಕೊಡಲಿಲ್ಲ ಎಂಬುದು ಆ ಮಗುವನ್ನು ಅನುಮಾನಿಸಲು ಕಾರಣವಾಗಬಾರದು ಎಂಬ ತಿಳಿವಳಿಕೆ ನ್ಯಾಯಾಲಯಗಳಲ್ಲಿ ಬೇರೂರಿದ್ದು ಇಂಥ ಹೋರಾಟಗಳಿಂದ. ಹತ್ತು ವರ್ಷ ಹಿಡಿದ ಕೆಲಸ ಅದು.

ಮುಜಫರ್‌ಪುರ: ಮಕ್ಕಳ ಜೊತೆ ಕೂತು ಮಾತಾಡಿದವರು

ಈಗ ನಾನು ವಿವರವಾಗಿ ಹೇಳಬೇಕೆಂದಿರುವ ಪ್ರಕರಣಕ್ಕೆ ಬರುತ್ತೇನೆ. ಬಿಹಾರದ ಮುಜಫರ್‌ಪುರದಲ್ಲಿ ಸರ್ಕಾರದ ಅನುದಾನದಿಂದ ನಡೆಯುತ್ತಿದ್ದ ಒಂದು ಬಾಲಿಕಾ ಗೃಹವಿತ್ತು. ನಡೆಸುತ್ತಿದ್ದವನು ಬ್ರಜೇಶ್ ಠಾಕೂರ್. ಅವನೇ ಪತ್ರಿಕೆಗಳ ಮಾಲೀಕ, ಅಧಿಕಾರಿಗಳ ಒಡನಾಟವಿದ್ದವನು. ಆ ಮನೆಯನ್ನು ನೋಡಿಕೊಳ್ಳಲು, ತಪಾಸಣೆ ಮಾಡಲು ಅಧಿಕಾರಿಗಳಿದ್ದರು, ಸಮಿತಿಗಳಿದ್ದವು. ಕಾಗದದಲ್ಲಿ ಎಲ್ಲವೂ ಸರಿಯಾಗಿತ್ತು.

ಬಿಹಾರ ಸರ್ಕಾರವು ತನ್ನ ಆಶ್ರಯಧಾಮಗಳ ಸಾಮಾಜಿಕ ಪರಿಶೋಧನೆ ಮಾಡಿಕೊಡುವಂತೆ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯನ್ನು ಕೇಳಿಕೊಂಡಿತು. ಅಲ್ಲಿನ 'ಕೋಶಿಶ್' ಎಂಬ ತಂಡ, ಮೊಹಮ್ಮದ್ ತಾರಿಕ್ ಅವರ ಮುಂದಾಳತ್ವದಲ್ಲಿ, ರಾಜ್ಯದ 110 ಸಂಸ್ಥೆಗಳಿಗೆ ಹೋಯಿತು. ಈ ತಂಡ ದಾಖಲೆ ಪುಸ್ತಕಗಳನ್ನು ನೋಡುವುದರ ಜೊತೆಗೆ ಇನ್ನೊಂದು ಕೆಲಸ ಮಾಡಿತು. ಮಕ್ಕಳ ಜೊತೆ ಕೂತು, ಸಿಬ್ಬಂದಿ ಇಲ್ಲದಾಗ, ಅವಸರವಿಲ್ಲದೆ ಮಾತಾಡಿತು. ತಪಾಸಣೆಗೆಂದು ಬಂದುಹೋಗುತ್ತಿದ್ದವರಿಗೆ ಕಾಣದೆ ಹೋದದ್ದು ಆ ಮಾತುಕತೆಯಲ್ಲಿ ಹೊರಬಂತು.

2018ರ ವಸಂತದಲ್ಲಿ ವರದಿ ಸರ್ಕಾರದ ಕೈ ಸೇರಿತು. ಮೇ 31ರಂದು ಎಫ್‌ಐಆರ್ ದಾಖಲಾಯಿತು. ವೈದ್ಯಕೀಯ ಪರೀಕ್ಷೆಗಳಾದ ಮೇಲೆ 30ಕ್ಕೂ ಹೆಚ್ಚು ಬಾಲಕಿಯರ ಮೇಲೆ ದೌರ್ಜನ್ಯ ನಡೆದಿರುವುದು ಹೊರಬಿತ್ತು. ಅವರಲ್ಲಿ ಏಳು ವರ್ಷದ ಮಕ್ಕಳೂ ಇದ್ದರು. ಜುಲೈನಲ್ಲಿ ತನಿಖೆ ಸಿಬಿಐಗೆ ಹೋಯಿತು. ಆಗಸ್ಟ್ 2ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು, ತನಗೆ ನೆರವಾಗಲು ವಕೀಲೆ ಅಪರ್ಣಾ ಭಟ್ ಅವರನ್ನು ನೇಮಿಸಿತು. ಹೀಗೆ ಯಾರ ಪರವೂ ಅಲ್ಲದೆ ನ್ಯಾಯಾಲಯಕ್ಕೇ ನೆರವಾಗುವ ವಕೀಲರನ್ನು 'ಅಮಿಕಸ್ ಕ್ಯೂರಿ' ಎನ್ನುತ್ತಾರೆ. ಆ ಮಕ್ಕಳೊಂದಿಗೆ ಹೇಗೆ ಮಾತಾಡಬೇಕು ಎಂಬುದಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ತಜ್ಞರ ನೆರವನ್ನೂ ಪಡೆಯಲಾಯಿತು.

ಫೌಝಿಯಾ ಶಕೀಲ್ ಮಾಡಿದ ಕೆಲಸ

ಇಷ್ಟರಲ್ಲಿ ಒಂದು ಅಡ್ಡಿ ಬಂತು. ತನಿಖೆಯ ಸುದ್ದಿಯನ್ನು ಪತ್ರಿಕೆಗಳು ಪ್ರಕಟಿಸಬಾರದು ಎಂದು ಪಾಟ್ನಾ ಹೈಕೋರ್ಟ್ ಆಗಸ್ಟ್‌ನಲ್ಲಿ ಆದೇಶ ಮಾಡಿತು. ಪಾಟ್ನಾದ ಪತ್ರಕರ್ತೆ ನಿವೇದಿತಾ ಝಾ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಅವರ ವಕೀಲೆಯಾಗಿ ನಿಂತವರು ಫೌಝಿಯಾ ಶಕೀಲ್. ಸೆಪ್ಟೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ನಿರ್ಬಂಧವನ್ನು ತೆಗೆಯಿತು. ಆದರೆ ಮಕ್ಕಳ ಗುರುತು ಬಯಲಾಗುವಂತೆ ಬರೆಯಬಾರದು ಎಂದು ಪತ್ರಿಕೆಗಳಿಗೆ ಎಚ್ಚರಿಕೆಯನ್ನೂ ಕೊಟ್ಟಿತು.

ಅರ್ಜಿ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಪರಿಶೋಧನಾ ವರದಿಯಲ್ಲಿ ಗಂಭೀರ ದೂರುಗಳಿದ್ದದ್ದು ಮುಜಫರ್‌ಪುರದ ಒಂದು ಮನೆಯ ಬಗ್ಗೆ ಮಾತ್ರ ಅಲ್ಲ, ಇನ್ನೂ 16 ಮನೆಗಳ ಬಗ್ಗೆ. ಅಲ್ಲೆಲ್ಲ ಸ್ಥಳೀಯ ಪೊಲೀಸರು ಹಗುರವಾದ ಕಲಮುಗಳನ್ನು ಹಾಕಿ ಕೈತೊಳೆದುಕೊಳ್ಳುತ್ತಿದ್ದಾರೆ, ಬಾಲಕರ ಮೇಲಿನ ದೌರ್ಜನ್ಯಕ್ಕೆ ಪೋಕ್ಸೊ ಕಲಮುಗಳನ್ನೇ ಹಾಕಿಲ್ಲ ಎಂಬುದನ್ನು ಅರ್ಜಿದಾರರ ಕಡೆಯವರು ನ್ಯಾಯಾಲಯದ ಮುಂದಿಟ್ಟರು. 2018ರ ನವೆಂಬರ್ 27ರಂದು ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎಸ್. ಅಬ್ದುಲ್ ನಜೀರ್ ಮತ್ತು ದೀಪಕ್ ಗುಪ್ತಾ ಅವರ ಪೀಠ ಬಿಹಾರ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡು, ಎಫ್‌ಐಆರ್‌ಗಳನ್ನು ಸರಿಪಡಿಸಲು 24 ಗಂಟೆ ಕೊಟ್ಟಿತು. ಮರುದಿನವೇ ಆ ಎಲ್ಲ ಮನೆಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಈ ಪೀಠದಲ್ಲಿದ್ದ ಅಬ್ದುಲ್ ನಜೀರ್ ಅವರು ನಮ್ಮ ದಕ್ಷಿಣ ಕನ್ನಡದ ಮೂಡಬಿದಿರೆ ಕಡೆಯವರು ಎಂಬುದನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಲಿ.

ತನಿಖೆಯ ಮೇಲ್ವಿಚಾರಣೆ ನೋಡುತ್ತಿದ್ದ ಸಿಬಿಐ ಅಧಿಕಾರಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ವರ್ಗ ಮಾಡಿದ್ದಕ್ಕೆ, 2019ರ ಫೆಬ್ರವರಿ 12ರಂದು ಸಿಬಿಐನ ಹಂಗಾಮಿ ಮುಖ್ಯಸ್ಥರಾಗಿದ್ದವರಿಗೆ ಸುಪ್ರೀಂ ಕೋರ್ಟ್ ಒಂದು ಲಕ್ಷ ರೂಪಾಯಿ ದಂಡ ಹಾಕಿ, ಅಂದಿನ ಕಲಾಪ ಮುಗಿಯುವವರೆಗೆ ಕೋರ್ಟಿನಲ್ಲೇ ಕೂರುವ ಶಿಕ್ಷೆ ಕೊಟ್ಟಿತು. ತರಗತಿಯಲ್ಲಿ ಮಕ್ಕಳನ್ನು ಮೂಲೆಯಲ್ಲಿ ಕೂರಿಸುವ ನಮಗೆ ಇದನ್ನು ಓದಿದರೆ ನಗು ಬರಬಹುದು. ಆದರೆ ಇದರ ಅರ್ಥ ದೊಡ್ಡದು. ಯಾರೂ ಕೇಳುವವರಿಲ್ಲದ ಬಾಲಕಿಯರ ಮೊಕದ್ದಮೆಗಾಗಿ ದೇಶದ ಅತಿ ದೊಡ್ಡ ತನಿಖಾ ಸಂಸ್ಥೆಯ ಮುಖ್ಯಸ್ಥರು ತಲೆಬಾಗಬೇಕಾಯಿತು.

ಅದೇ ತಿಂಗಳು ಮೊಕದ್ದಮೆಯನ್ನು ಬಿಹಾರದಿಂದ ದೆಹಲಿಯ ಸಾಕೇತ್‌ನ ವಿಶೇಷ ನ್ಯಾಯಾಲಯಕ್ಕೆ ವರ್ಗಾಯಿಸಲಾಯಿತು. ಠಾಕೂರ್‌ನ ಪ್ರಭಾವ ತಲುಪದ ಊರಿನಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಆ ಬಾಲಕಿಯರು ಸಾಕ್ಷಿ ಹೇಳಿದರು. 2019ರ ಜೂನ್‌ನಲ್ಲಿ ಮತ್ತೆ ನಿವೇದಿತಾ ಝಾ ಅವರ ಅರ್ಜಿಯ ಮೇಲೆ, ಹೊರಗಿನಿಂದ ಬಂದು ಹೋಗುತ್ತಿದ್ದವರ ಪಾತ್ರವನ್ನೂ ತನಿಖೆ ಮಾಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು.

2020ರ ಜನವರಿ 20ರಂದು 20 ಆರೋಪಿಗಳಲ್ಲಿ 19 ಮಂದಿ ತಪ್ಪಿತಸ್ಥರೆಂದು ತೀರ್ಪು ಬಂತು. ಒಬ್ಬನ ಖುಲಾಸೆಯಾಯಿತು. ಫೆಬ್ರವರಿ 11ರಂದು ಠಾಕೂರ್‌ಗೆ ಉಸಿರಿರುವವರೆಗೆ ಜೈಲು ಎಂಬ ಜೀವಾವಧಿ ಶಿಕ್ಷೆಯಾಯಿತು. ತಪ್ಪಿತಸ್ಥರ ಪಟ್ಟಿಯಲ್ಲಿ ಆ ಮನೆಯ ಮಹಿಳಾ ಸಿಬ್ಬಂದಿಯೂ ಇದ್ದರು. ಮಕ್ಕಳನ್ನು ಕಾಯಲೆಂದೇ ಕಾನೂನು ರಚಿಸಿದ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷರಾಗಿದ್ದವರೂ, ಜಿಲ್ಲೆಯ ಮಕ್ಕಳ ರಕ್ಷಣಾ ಅಧಿಕಾರಿಯೂ ಇದ್ದರು. 'ಹೆಂಗಸರು ಇದ್ದಾರಲ್ಲ, ಸಮಿತಿ ಇದೆಯಲ್ಲ' ಎಂದು ಸಮಾಧಾನ ಪಟ್ಟುಕೊಳ್ಳುವವರು ಈ ಪಟ್ಟಿಯನ್ನು ಎರಡು ಸಲ ಓದಬೇಕು.

ಫೌಝಿಯಾ ಶಕೀಲ್ ಅವರ ವಕಾಲತ್ತಿಗೆ ಸಹಿ ಹಾಕಿದ್ದು ಒಬ್ಬ ಪತ್ರಕರ್ತೆ. ಆ ಸಹಿಯ ಬಲದಿಂದ, ತಾವು ಕಂಡಿರದ ಎಷ್ಟೋ ಮಕ್ಕಳ ಪರವಾಗಿ ಅವರು ವಾದಿಸುವಂತಾಯಿತು. ಸಿನಿಮಾದಲ್ಲಿ ತೋರಿಸುವಂತೆ ಮೇಜು ಗುದ್ದಿ ಕೂಗಾಡುವುದು ವಕೀಲಿಕೆಯಲ್ಲ. ವರದಿಯ ನೂರಾರು ಪುಟ ಓದಿ, ಯಾವ ಎಫ್‌ಐಆರ್‌ನಲ್ಲಿ ಯಾವ ಕಲಂ ಬಿಟ್ಟುಹೋಗಿದೆ ಎಂದು ಎಣಿಸಿ, ಅದನ್ನು ನ್ಯಾಯಾಲಯದ ಮುಂದಿಟ್ಟು, ಆದೇಶ ಪಾಲನೆಯಾಯಿತೇ ಎಂದು ಮತ್ತೆ ಹೋಗಿ ಕೇಳುವುದು ಆ ಕೆಲಸ. ಕಾನೂನು ಓದಬೇಕೆಂದಿರುವ ನಮ್ಮ ಹೆಣ್ಣುಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಾಣೆ.

ಇದು ಒಂದು ದೇಶದ, ಒಂದು ಧರ್ಮದ ಮಾತಲ್ಲ

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಮೊದಲ ಕುತೂಹಲ 'ಯಾವ ಜಾತಿಯವರ ಸಂಸ್ಥೆ?' ಎಂಬುದು. ಈ ಪ್ರಶ್ನೆಯಿಂದ ಯಾವ ಮಗುವಿಗೂ ಉಪಕಾರವಾಗಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ಮಿಚೆಲ್ ಗರಾಬೇಡಿಯನ್ ಎಂಬ ವಕೀಲರು ಒಬ್ಬನೇ ಪಾದ್ರಿಯ ದೌರ್ಜನ್ಯಕ್ಕೆ ಸಿಕ್ಕಿದ್ದ 86 ಮಂದಿಯ ಪರವಾಗಿ ಚರ್ಚಿನ ಆಡಳಿತದ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2002ರಲ್ಲಿ ಒಂದು ಕೋಟಿ ಡಾಲರ್ ಪರಿಹಾರದ ಒಪ್ಪಂದವಾಯಿತು. ಐರ್ಲೆಂಡ್ ದೇಶದ ತನಿಖಾ ಆಯೋಗ 2009ರಲ್ಲಿ ತನ್ನ ವಸತಿ ಶಾಲೆಗಳ ಬಗ್ಗೆ ವರದಿ ಕೊಟ್ಟಿತು. ಆಸ್ಟ್ರೇಲಿಯಾದ ಆಯೋಗ 2013ರಿಂದ 2017ರವರೆಗೆ ಎಂಟು ಸಾವಿರಕ್ಕೂ ಹೆಚ್ಚು ಮಂದಿಯ ಮಾತನ್ನು ಒಬ್ಬೊಬ್ಬರಾಗಿ ಕೂತು ಕೇಳಿತು. ಸರ್ಕಾರಿ ಮನೆಗಳು, ಚರ್ಚುಗಳು, ಕ್ರೀಡಾ ಸಂಘಗಳು, ಬೇರೆ ಬೇರೆ ಧರ್ಮಗಳ ಶಾಲೆಗಳು, ಎಲ್ಲವೂ ಅದರ ವರದಿಯಲ್ಲಿವೆ. ಎಲ್ಲ ಕಡೆಯೂ ಕಂಡ ಒಂದೇ ರೋಗವೆಂದರೆ, ಮಗುವಿನ ಮಾತು ಕೇಳಿದಾಗ ದೊಡ್ಡವರು ಸಂಸ್ಥೆಯ ಹೆಸರನ್ನು ಉಳಿಸಲು ನೋಡಿದ್ದು.

ನಮ್ಮ ನಾಡಿನ ವಿಷಯಕ್ಕೆ ಬರೋಣ. 2022ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಮಠವೊಂದರ ವಿದ್ಯಾರ್ಥಿನಿಲಯದ ಬಾಲಕಿಯರ ದೂರು, ನಮ್ಮ ನೆರೆಯ ಮೈಸೂರಿನ ಒಡನಾಡಿ ಸೇವಾ ಸಂಸ್ಥೆಯ ನೆರವಿನಿಂದ ಮೈಸೂರಿನ ನಜರ್‌ಬಾದ್ ಠಾಣೆಯಲ್ಲಿ ದಾಖಲಾದದ್ದು ನಿಮಗೆ ನೆನಪಿರಬಹುದು. ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ, ಮಕ್ಕಳ ಸಾಕ್ಷ್ಯ ಮುಗಿಯಲೆಂದು ಆರೋಪಿಯ ಜಾಮೀನನ್ನು ನಾಲ್ಕು ತಿಂಗಳು ತಡೆಹಿಡಿಯಿತು. ವಿಚಾರಣೆ ಪೂರ್ತಿಯಾಗಿ ನಡೆದು 2025ರ ನವೆಂಬರ್‌ನಲ್ಲಿ ಚಿತ್ರದುರ್ಗದ ನ್ಯಾಯಾಲಯ ಮೊದಲ ಪ್ರಕರಣದಲ್ಲಿ ಆರೋಪಿಯನ್ನು ಖುಲಾಸೆ ಮಾಡಿತು. ದೂರು ಕೊಟ್ಟವರಿಗೆ ವಕೀಲರು ಬೇಕಾದಂತೆ ಆರೋಪ ಹೊತ್ತವರಿಗೂ ವಕೀಲರು ಬೇಕು, ಇಬ್ಬರ ಮಾತನ್ನೂ ಕೇಳಿ ತೀರ್ಪು ಕೊಡುವುದು ನ್ಯಾಯಾಲಯದ ಕೆಲಸ. ಚಹಾದಂಗಡಿಯಲ್ಲಿ ಕೂತು ಯಾರನ್ನೂ ತಪ್ಪಿತಸ್ಥರೆಂದು ನಿರ್ಣಯಿಸುವುದು, ಅಥವಾ ಮಗುವನ್ನು ಸುಳ್ಳುಗಾರ್ತಿ ಎನ್ನುವುದು, ಎರಡೂ ನಮ್ಮ ಕೆಲಸವಲ್ಲ. ನಮ್ಮ ಕೆಲಸ ಮಗುವಿನ ಮಾತು ಸರಿಯಾದ ಜಾಗಕ್ಕೆ ತಲುಪುವಂತೆ ನೋಡಿಕೊಳ್ಳುವುದು.

ಕಾನೂನು ಈಗ ಏನು ಹೇಳುತ್ತದೆ?

ಇಷ್ಟು ವರ್ಷಗಳ ಹೋರಾಟದ ಫಲವಾಗಿ ಬಂದ ಎರಡು ಕಾಯ್ದೆಗಳನ್ನು ಪ್ರತಿಯೊಬ್ಬ ಶಿಕ್ಷಕರೂ ಆಡಳಿತ ಮಂಡಳಿಯವರೂ ತಿಳಿದಿರಬೇಕು.

ಮೊದಲನೆಯದು ಪೋಕ್ಸೊ ಕಾಯ್ದೆ, 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಹುಡುಗ, ಹುಡುಗಿ ಎಂಬ ಭೇದವಿಲ್ಲದೆ 18 ವರ್ಷದೊಳಗಿನ ಎಲ್ಲರಿಗೂ ಅನ್ವಯ. ಶಿಕ್ಷಣ ಸಂಸ್ಥೆ, ಧಾರ್ಮಿಕ ಸಂಸ್ಥೆ, ಆಸ್ಪತ್ರೆ, ಆಶ್ರಯಧಾಮಗಳ ಆಡಳಿತದವರು ಅಥವಾ ಸಿಬ್ಬಂದಿ ಅಲ್ಲಿನ ಮಗುವಿನ ಮೇಲೆ ದೌರ್ಜನ್ಯ ಎಸಗಿದರೆ ಅದು ಹೆಚ್ಚು ಗಂಭೀರ ಅಪರಾಧ. ಅತ್ಯಂತ ಘೋರ ಬಗೆಯದಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ 20 ವರ್ಷ ಶಿಕ್ಷೆ. ಕಲಂ 19ರ ಪ್ರಕಾರ ಅಪರಾಧದ ಸಂಗತಿ ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. 'ಜಮಾತಿನ ಹಿರಿಯರನ್ನು ಕೂರಿಸಿ ರಾಜಿ ಮಾಡಿದೆವು' ಎಂಬುದಕ್ಕೆ ಈ ಕಾನೂನಿನಲ್ಲಿ ಜಾಗವಿಲ್ಲ.

ಮಗುವಿನ ಹೇಳಿಕೆಯನ್ನು ಅದಕ್ಕೆ ಒಗ್ಗುವ ಜಾಗದಲ್ಲಿ, ಸಮವಸ್ತ್ರವಿಲ್ಲದ ಪೊಲೀಸರು ಪಡೆಯಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಬಾರದು. ನ್ಯಾಯಾಲಯದಲ್ಲಿ ಆರೋಪಿಯ ಮುಖ ಮಗುವಿಗೆ ಕಾಣಬಾರದು. ವಕೀಲರು ನೇರವಾಗಿ ಮಗುವನ್ನು ಪ್ರಶ್ನಿಸುವಂತಿಲ್ಲ, ನ್ಯಾಯಾಧೀಶರ ಮೂಲಕ ಕೇಳಬೇಕು. ಹೆಸರು, ಫೋಟೋ, ಶಾಲೆ, ಊರು ಯಾವುದನ್ನೂ ಪ್ರಕಟಿಸುವಂತಿಲ್ಲ. ವಾಟ್ಸಾಪ್‌ನಲ್ಲಿ ಹಂಚುವವರೂ ಇದನ್ನು ನೆನಪಿಡಬೇಕು.

ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇರುವುದು ಕಲಂ 40ರಲ್ಲಿ. ಮಗುವಿನ ಕುಟುಂಬದವರು ತಮಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳಬಹುದು. ಶಕ್ತಿಯಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರವು ವಕೀಲರನ್ನು ಕೊಡಬೇಕು. ಆ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ, ತಾಲ್ಲೂಕಿನಲ್ಲಿ ಅದರ ಸಮಿತಿಯಿದೆ. ಮಗುವಿನಿಂದಾಗಲಿ ಬಡ ತಂದೆತಾಯಿಯರಿಂದಾಗಲಿ ಶುಲ್ಕ ಕೇಳುವುದಿಲ್ಲ.

ಎರಡನೆಯದು 2015ರ ಬಾಲ ನ್ಯಾಯ ಕಾಯ್ದೆ. ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿ ಸಂಸ್ಥೆಯೂ, ಸರ್ಕಾರದ ಹಣ ಪಡೆಯಲಿ ಬಿಡಲಿ, ಕಲಂ 41ರಂತೆ ನೋಂದಣಿ ಮಾಡಿಸಬೇಕು. ತಪ್ಪಿದರೆ ಒಂದು ವರ್ಷದವರೆಗೆ ಜೈಲು ಅಥವಾ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. ತಮಿಳುನಾಡಿನ ಅನಾಥಾಲಯಗಳ ಬಗ್ಗೆ 2007ರಲ್ಲಿ ಶುರುವಾದ ಪ್ರಕರಣದಲ್ಲಿ 2017ರ ಮೇ 5ರಂದು ಸುಪ್ರೀಂ ಕೋರ್ಟ್, ಆ ವರ್ಷ ಮುಗಿಯುವುದರೊಳಗೆ ದೇಶದ ಎಲ್ಲ ಮಕ್ಕಳ ಸಂಸ್ಥೆಗಳ ನೋಂದಣಿ ಮುಗಿಸಬೇಕೆಂದಿತು. ಅದರಲ್ಲೂ ನ್ಯಾಯಾಲಯಕ್ಕೆ ನೆರವಾದವರು ಅಪರ್ಣಾ ಭಟ್ ಅವರೇ. ಇವೆರಡರ ಜೊತೆಗೆ ನಮ್ಮ ರಾಜ್ಯದ್ದೇ ಆದ ಮಕ್ಕಳ ರಕ್ಷಣಾ ನೀತಿ 2016ರಿಂದ ಇದೆ. ಶಾಲೆಗಳೂ ಹಾಸ್ಟೆಲುಗಳೂ ಅದನ್ನು ಓದಿ ಪಾಲಿಸಬೇಕು.

ನಮ್ಮ ಮನೆಯನ್ನು ನಾವು ನೋಡಿಕೊಳ್ಳೋಣ

ಗುಂಡ್ಲುಪೇಟೆ ಎರಡು ರಾಜ್ಯಗಳ ಗಡಿಗೆ ಹತ್ತಿರದ ಊರು. ಇಲ್ಲಿಂದ ಒಂದು ದಾರಿ ಬಂಡೀಪುರ ದಾಟಿ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ. ಕೂಲಿಗಾಗಿ, ಶುಂಠಿ ಹೊಲದ ಕೆಲಸಕ್ಕಾಗಿ ವಯನಾಡಿಗೆ ಹೋಗುವ ಕುಟುಂಬಗಳು ಚಾಮರಾಜನಗರ ಜಿಲ್ಲೆಯಲ್ಲಿ ಬಹಳ. ಅಂಥ ತಂದೆತಾಯಿಗಳು ಮಗುವನ್ನು ಹಾಸ್ಟೆಲಿಗೋ, ಆಶ್ರಮ ಶಾಲೆಗೋ, ಯತೀಂಖಾನೆಗೋ ಬಿಟ್ಟು ಹೋಗುವುದು ಓದಲಿ, ಹೊಟ್ಟೆ ತುಂಬಾ ಉಣ್ಣಲಿ ಎಂಬ ಆಸೆಯಿಂದ. ನಮ್ಮವರ ಭಾಷೆಯಲ್ಲಿ ಹೇಳುವುದಾದರೆ ಆ ಮಗು ಅಮಾನತ್. ಅಮಾನತ್ತಿನ ಲೆಕ್ಕ ಕೇಳಿದವರ ಮೇಲೆ ಸಿಟ್ಟಾಗುವುದು ಸರಿಯಲ್ಲ.

ಲೆಕ್ಕ ಕೇಳುವವರ ಬಾಯಿಂದ ಕೆಲವೊಮ್ಮೆ ನೋಯಿಸುವ ಮಾತುಗಳೂ ಬರುತ್ತವೆ, ನಿಜ. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗದ ಅಂದಿನ ಅಧ್ಯಕ್ಷರು ಬೆಂಗಳೂರಿನ ಒಂದು ಯತೀಂಖಾನೆಗೆ ಹೋಗಿ, ಅದಕ್ಕೆ ನೋಂದಣಿಯಿಲ್ಲ ಎಂದು ಆಕ್ಷೇಪಿಸಿ, ಕಟುವಾದ ಹೋಲಿಕೆ ಮಾಡಿದ್ದರು. ಸಂಸ್ಥೆಯವರು ಪೊಲೀಸರಿಗೆ ದೂರು ಕೊಟ್ಟರು. ಆ ಜಗಳದಲ್ಲಿ ಯಾರು ಸರಿ ಎಂಬುದನ್ನು ಬದಿಗಿಡೋಣ. ನಾವು ಕಲಿಯಬೇಕಾದ್ದು ಇಷ್ಟೇ: ನೋಂದಣಿ ಪತ್ರ ಗೋಡೆಯ ಮೇಲೆ ತೂಗುತ್ತಿದ್ದರೆ, ಹೊರಗಿನವರು ಮಕ್ಕಳೊಂದಿಗೆ ಮಾತಾಡಲು ಮೊದಲಿನಿಂದಲೂ ಬಾಗಿಲು ತೆರೆದಿದ್ದರೆ, ಅಂಥ ಮಾತಿಗೆ ಎಡೆಯೇ ಇರುವುದಿಲ್ಲ.

ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ವಾರ್ಡನ್, ಅಡುಗೆಯವರು, ಕಾವಲುಗಾರ, ಉಸ್ತಾದ್, ಶಿಕ್ಷಕ, ಯಾರನ್ನೇ ನೇಮಿಸುವ ಮೊದಲು ಹಿಂದೆ ಕೆಲಸ ಮಾಡಿದ ಕಡೆ ವಿಚಾರಿಸಿ, ಪೊಲೀಸ್ ಪರಿಶೀಲನೆ ಮಾಡಿಸಿ. ದೂರು ಪೆಟ್ಟಿಗೆ ಇಡಿ, ಅದರ ಕೀಲಿ ಕೈ ವಾರ್ಡನ್ ಬಳಿ ಇರಬಾರದು. ಮಕ್ಕಳು ಮನೆಗೆ ಫೋನ್ ಮಾಡುವಾಗ ಪಕ್ಕದಲ್ಲಿ ಯಾರೂ ನಿಲ್ಲಬಾರದು. ಮಕ್ಕಳ ಸಹಾಯವಾಣಿ 1098 ಅನ್ನು ಕನ್ನಡ, ಉರ್ದು ಎರಡರಲ್ಲೂ ದೊಡ್ಡದಾಗಿ ಬರೆಸಿ. ಸಂಸ್ಥೆಗೆ ಸಂಬಂಧವಿಲ್ಲದ ಒಬ್ಬ ವೈದ್ಯೆಯೋ, ನಿವೃತ್ತ ಶಿಕ್ಷಕಿಯೋ, ವಕೀಲೆಯೋ ತಿಂಗಳಿಗೊಮ್ಮೆ ಬಂದು, ಸಿಬ್ಬಂದಿಯ ಕಣ್ಣಿನಿಂದಾಚೆ ಮಕ್ಕಳ ಜೊತೆ ಕೂತು ಹರಟಲಿ. ಮುಜಫರ್‌ಪುರದಲ್ಲಿ ಸತ್ಯ ಹೊರಬಂದದ್ದು ಇಂಥ ಮಾತುಕತೆಯಿಂದಲೇ. ಇದಕ್ಕೆ ಹೆಚ್ಚು ಹಣ ಬೇಕಿಲ್ಲ, ಮನಸ್ಸು ಬೇಕು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಯಾರಾದರೂ ನಿಮಗೆ ಹಿಂಸೆಯಾಗುವಂತೆ ನಡೆದುಕೊಂಡರೆ ತಪ್ಪು ನಿಮ್ಮದಲ್ಲ. ಅವರು ಎಷ್ಟೇ ದೊಡ್ಡವರಾಗಿರಲಿ, ಎಷ್ಟೇ ಗೌರವಸ್ಥರಾಗಿರಲಿ, ಅದನ್ನು ಹೇಳಿದ್ದಕ್ಕೆ ಸಂಸ್ಥೆಯ ಮಾನ ಹೋಗುವುದಿಲ್ಲ. ನಂಬಿಕೆಯ ಒಬ್ಬರಿಗೆ ಹೇಳಿ. ಅವರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ, ಕೇಳುವವರು ಸಿಗುವವರೆಗೆ ಹೇಳುತ್ತಿರಿ. ಗೆಳೆಯನೋ ಗೆಳತಿಯೋ ನಿಮ್ಮ ಬಳಿ ಹೇಳಿಕೊಂಡರೆ ನಗಬೇಡಿ, ಊರೆಲ್ಲ ಹಂಚಬೇಡಿ, ಅವರ ಜೊತೆ ನಡೆದು ದೊಡ್ಡವರೊಬ್ಬರ ಬಳಿಗೆ ಹೋಗಿ.

ನಮ್ಮ ಸಂಘದ ನೆರವಿನಿಂದ ಓದುವವರಲ್ಲಿ ಡಾಕ್ಟರು, ಎಂಜಿನಿಯರು ಆಗಬೇಕೆನ್ನುವವರು ಬಹಳ. ಆಗಲಿ, ಸಂತೋಷ. ಆದರೆ ಚಾಮರಾಜನಗರದ ಜಿಲ್ಲಾ ನ್ಯಾಯಾಲಯದಲ್ಲಿ ಒಂದು ಬಡ ಮಗುವಿನ ಪರವಾಗಿ ಎದ್ದು ನಿಲ್ಲುವ ವಕೀಲೆಯರೂ ನಮ್ಮಿಂದ ಬರಬೇಕು. ಪಿಯುಸಿ ಮುಗಿಸಿದವರು ಐದು ವರ್ಷದ ಕಾನೂನು ಪದವಿಗೆ ಸೇರಬಹುದು. ಈ ವರ್ಷ ಅರ್ಜಿ ಹಾಕಲು ಬಯಸುವವರಿದ್ದರೆ ಸಂಘದ ಕಚೇರಿಗೆ ಬನ್ನಿ, ಪ್ರವೇಶ ಪರೀಕ್ಷೆಯ ತಯಾರಿಗೆ ನಾವು ಶಿಕ್ಷಕರು ನಿಮ್ಮ ಜೊತೆ ಕೂರುತ್ತೇವೆ.